ಟಾಮಿ ಜಾನ್ ಎಂಬ ರೋಗಿ: ಒಂದು ಎಡ ಮೊಣಕೈಯ ಪ್ರಕರಣ

ಬೇಸ್‌ಬಾಲ್ ಆಡುವ ಮಕ್ಕಳಿರುವ ಅಮೆರಿಕದ ಮನೆಗಳಲ್ಲಿ ‘ಟಾಮಿ ಜಾನ್’ ಅಂದರೆ ಒಂದು ಆಪರೇಷನ್. ಮೊಣಕೈಯ ಒಳಬದಿಯ ಲಿಗಮೆಂಟ್ (ಮೂಳೆಗೆ ಮೂಳೆ ಕಟ್ಟುವ ನಾರಿನ ಪಟ್ಟಿ) ಹರಿದಾಗ ಮಾಡುವ ಶಸ್ತ್ರಚಿಕಿತ್ಸೆ. ಆ ಹೆಸರಿನ ಮನುಷ್ಯ ಎಡಗೈ ಪಿಚರ್ (ಬ್ಯಾಟರ್ ಕಡೆ ಚೆಂಡು ಎಸೆಯುವವರು) ಆಗಿದ್ದರು, ವೃತ್ತಿಪರ ಬೇಸ್‌ಬಾಲ್‌ನ ಮೇಲ್ಮಟ್ಟವಾದ ಮೇಜರ್ ಲೀಗ್‌ನಲ್ಲಿ 26 ಸೀಸನ್ ಆಡಿ 288 ಪಂದ್ಯ ಗೆದ್ದರು ಎಂಬ ಸಂಗತಿ ಹಿಂದಕ್ಕೆ ಸರಿದಿದೆ. ಈ ಪ್ರಕರಣವನ್ನು ಹೇಳುವವರು ಸಾಮಾನ್ಯವಾಗಿ ಸರ್ಜನ್ ಫ್ರಾಂಕ್ ಜೋಬ್ ಅವರ ಸಾಹಸವಾಗಿ ಹೇಳುತ್ತಾರೆ. ಜೋಬ್ ದೊಡ್ಡವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಡೀ ಪ್ರಕರಣವನ್ನು ಬಿಡಿಸಿ ನೋಡಿದರೆ, ಆಪರೇಷನ್ ಟೇಬಲ್ ಮೇಲೆ ನಡೆದದ್ದು ಅದರ ಚಿಕ್ಕ ಭಾಗ. ಅದಕ್ಕೆ ಮುಂಚೆ ಆ ಕೈ ಎಂಥ ಎಸೆತ ಎಸೆಯುತ್ತಿತ್ತು, ಅದಾದ ಮೇಲೆ ಒಂದೂವರೆ ವರ್ಷ ಆ ಮನುಷ್ಯ ಹೇಗೆ ಕಾದರು ಎಂಬುದರಲ್ಲಿ ಗೆಲುವಿನ ಹೆಚ್ಚಿನ ಪಾಲು ಇದೆ. ನಾನು ಹೆಚ್ಚು ಹೊತ್ತು ನಿಲ್ಲುವುದೂ ಅಲ್ಲೇ.

ಗಾಯಕ್ಕೆ ಮುಂಚಿನ ಕೈ

ಥಾಮಸ್ ಎಡ್ವರ್ಡ್ ಜಾನ್ ಹುಟ್ಟಿದ್ದು 1943ರ ಮೇ 22ರಂದು, ಇಂಡಿಯಾನಾ ರಾಜ್ಯದ ಟೆರ್ರೆ ಹೋಟ್‌ನಲ್ಲಿ. 1963ರ ಸೆಪ್ಟೆಂಬರ್‌ನಲ್ಲಿ, ಇಪ್ಪತ್ತು ವಯಸ್ಸಿಗೆ, ಕ್ಲೀವ್‌ಲ್ಯಾಂಡ್ ತಂಡದ ಪರ ಮೊದಲ ಪಂದ್ಯ. ಅಲ್ಲಿ ಎರಡು ಸೀಸನ್‌ನಲ್ಲಿ ಗೆದ್ದದ್ದು 2, ಸೋತದ್ದು 11 (ಬೇಸ್‌ಬಾಲ್‌ನಲ್ಲಿ ಪಂದ್ಯದ ಗೆಲುವು, ಸೋಲನ್ನು ಪಿಚರ್ ಹೆಸರಿಗೂ ಬರೆಯುತ್ತಾರೆ). ಕ್ಲೀವ್‌ಲ್ಯಾಂಡ್ ಅವರನ್ನು ಬಿಟ್ಟುಕೊಟ್ಟಿತು. 1965ರಿಂದ ಷಿಕಾಗೊ ವೈಟ್ ಸಾಕ್ಸ್ ತಂಡದಲ್ಲಿ ಏಳು ಸೀಸನ್ ಆಡಿ 82 ಪಂದ್ಯ ಗೆದ್ದರು. 1971ರ ಡಿಸೆಂಬರ್‌ನಲ್ಲಿ ವೈಟ್ ಸಾಕ್ಸ್ ಅವರನ್ನು ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೆ ಕೊಟ್ಟು, ಬದಲಿಗೆ ಭರ್ಜರಿ ಬ್ಯಾಟರ್ ಡಿಕ್ ಆಲನ್ ಅವರನ್ನು ಪಡೆಯಿತು.

ಜಾನ್ ವೇಗದ ಪಿಚರ್ ಅಲ್ಲ. ಅವರ ಅಸ್ತ್ರ ಸಿಂಕರ್. ಕ್ರಿಕೆಟ್ ನೋಡಿ ಬೆಳೆದವರು ಇಲ್ಲಿ ಒಂದು ವಿಷಯ ನೆನಪಿಡಬೇಕು: ಬೇಸ್‌ಬಾಲ್‌ನಲ್ಲಿ ಚೆಂಡು ನೆಲಕ್ಕೆ ಬಿದ್ದು ಏಳುವುದಿಲ್ಲ, ಗಾಳಿಯಲ್ಲೇ ಬ್ಯಾಟರ್ ಬಳಿ ಬರುತ್ತದೆ. ಹಾಗಾಗಿ ಪಿಚರ್‌ಗೆ ಪಿಚ್‌ನ ಸಹಾಯ ಇಲ್ಲ, ಬೆರಳಿನ ಸಹಾಯ ಮಾತ್ರ. ಸಿಂಕರ್ ನೇರವಾಗಿ ಬರುವಂತೆ ಕಂಡು ಕೊನೆಯ ಕ್ಷಣದಲ್ಲಿ ಕೆಳಗೆ ಜಾರುತ್ತದೆ. ಬ್ಯಾಟ್ ಬೀಸಿದವನಿಗೆ ಚೆಂಡಿನ ಮೇಲ್ಭಾಗ ಮಾತ್ರ ಸಿಗುತ್ತದೆ. ಚೆಂಡು ಮೇಲೆ ಹಾರುವ ಬದಲು ನೆಲಕ್ಕೆ ಬಡಿದು ಉರುಳುತ್ತದೆ. ಒಳಮೈದಾನದ ಆಟಗಾರರು ಎತ್ತಿಕೊಂಡು, ಬ್ಯಾಟರ್ ಓಡಿ ಮುಟ್ಟುವ ಮೊದಲೇ ಬೇಸ್‌ಗೆ ಎಸೆದರೆ ಔಟ್, ಬೇಸ್ ಮೇಲೆ ಮೊದಲೇ ಒಬ್ಬನಿದ್ದರೆ ಒಂದೇ ಚೆಂಡಿಗೆ ಎರಡು ಔಟ್, ಅದಕ್ಕೆ ಡಬಲ್ ಪ್ಲೇ ಎನ್ನುತ್ತಾರೆ. ಬ್ಯಾಟರ್‌ನನ್ನು ಬೆದರಿಸುವ ಆಟವಲ್ಲ ಇದು, ಅವನಿಂದಲೇ ತಪ್ಪು ಮಾಡಿಸುವ ಆಟ. ಈ ಸ್ವಭಾವ ಮುಂದೆ ಅವರನ್ನು ಉಳಿಸಿತು.

1973ರಲ್ಲಿ 16 ಗೆಲುವು, 7 ಸೋಲು. 1974ರ ಜುಲೈ ಮಧ್ಯದ ಹೊತ್ತಿಗೆ 13 ಗೆಲುವು, ಬರೀ 3 ಸೋಲು. ವಯಸ್ಸು 31. ಆವರೆಗಿನ ಬದುಕಿನಲ್ಲೇ ಅದು ಅವರ ಅತ್ಯುತ್ತಮ ಸೀಸನ್.

ಜುಲೈ 17

ಡಾಡ್ಜರ್ ಸ್ಟೇಡಿಯಂನಲ್ಲಿ ಮಾಂಟ್ರಿಯಲ್ ಎಕ್ಸ್‌ಪೋಸ್ ವಿರುದ್ಧ ಪಂದ್ಯ. ಮೂರನೇ ಇನ್ನಿಂಗ್ಸ್ (ಬೇಸ್‌ಬಾಲ್‌ನಲ್ಲಿ ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್, ಮೂರು ಔಟಿಗೆ ಒಂದು ತಂಡದ ಸರದಿ ಮುಗಿಯುತ್ತದೆ), ಎದುರಿಗೆ ಹ್ಯಾಲ್ ಬ್ರೀಡೆನ್. ಡಬಲ್ ಪ್ಲೇ ಸಿಗಲಿ ಎಂದು ಜಾನ್ ಸಿಂಕರ್ ಎಸೆದರು. ಕೈಯೊಳಗೆ ಏನೋ ಕಿತ್ತು ಬಂದಂತಾಯಿತು, ಚೆಂಡು ಎತ್ತಲೋ ಹೋಯಿತು. ವಿಚಿತ್ರವೆಂದರೆ ಜೀವ ಹೋಗುವಂಥ ನೋವೇನೂ ಇರಲಿಲ್ಲ. ಇನ್ನೊಂದು ಎಸೆತ ಎಸೆದು ನೋಡಿದರು. ಅದೂ ಹಾಗೇ. ಮೂರನೆಯದಕ್ಕೆ ಅವರು ಕಾಯಲಿಲ್ಲ. ತಾವಾಗಿಯೇ, ಪಿಚರ್ ನಿಂತು ಎಸೆಯುವ ದಿಬ್ಬ ಇಳಿದು ಮ್ಯಾನೇಜರ್ ವಾಲ್ಟರ್ ಆಲ್ಸ್‌ಟನ್ ಬಳಿಗೆ ನಡೆದರು.

ಎರಡೇ ಎಸೆತಕ್ಕೆ ನಿಲ್ಲಿಸಿದ್ದನ್ನು ಚಿಕ್ಕ ವಿಷಯವೆಂದು ದಾಟಿ ಹೋಗಬಾರದು. 13–3 ದಾಖಲೆ ಇರುವ ಪಿಚರ್, ಅದೂ ಚಾಂಪಿಯನ್‌ಷಿಪ್ ಕಡೆ ಹೊರಟಿರುವ ತಂಡದಲ್ಲಿ, ಹಲ್ಲು ಕಚ್ಚಿ ಆ ಇನ್ನಿಂಗ್ಸ್ ಮುಗಿಸಲು ನೋಡುವುದೇ ರೂಢಿ. ಅವರು ಹಾಗೆ ಮಾಡಲಿಲ್ಲ.

ಹರಿದದ್ದು ಅಲ್ನಾರ್ ಕೊಲ್ಯಾಟರಲ್ ಲಿಗಮೆಂಟ್. ತೋಳಿನ ಮೂಳೆಯ ಒಳಬದಿಯ ಗುಬುಟಿನಿಂದ ಮುಂಗೈಯ ಅಲ್ನಾ ಮೂಳೆಗೆ ಕಟ್ಟಿಕೊಂಡಿರುವ ಗಟ್ಟಿ ನಾರಿನ ಪಟ್ಟಿ. ತಟ್ಟೆಯಿಂದ ಅನ್ನ ಎತ್ತುವುದಕ್ಕೋ, ಬಕೆಟ್ ಹಿಡಿಯುವುದಕ್ಕೋ ಇದರ ನೆರವು ಅಷ್ಟಾಗಿ ಬೇಡ. ಕೈ ಹಿಂದಕ್ಕೆ ಬಾಗಿಸಿ ಮುಂದಕ್ಕೆ ಬೀಸಿ ಎಸೆಯುವಾಗ ಮಾತ್ರ ಮೊಣಕೈ ಒಳಬದಿಯಲ್ಲಿ ಬಾಯಿ ಬಿಡಲು ನೋಡುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ಈ ಪಟ್ಟಿ. ವೃತ್ತಿಪರ ಪಿಚರ್‌ನ ಭುಜ ಸೆಕೆಂಡಿಗೆ ಸುಮಾರು 7,000 ಡಿಗ್ರಿ ವೇಗದಲ್ಲಿ ತಿರುಗುತ್ತದೆ. ಆಗ ಮೊಣಕೈ ಮೇಲೆ ಬೀಳುವ ತಿರುಚುವ ಬಲ ಸುಮಾರು 64 ನ್ಯೂಟನ್ ಮೀಟರ್. ಪ್ರಯೋಗಾಲಯದಲ್ಲಿ ಲಿಗಮೆಂಟನ್ನು ಮಾತ್ರ ಎಳೆದು ನೋಡಿದರೆ ಅದು ಸುಮಾರು 32ಕ್ಕೇ ಹರಿಯುತ್ತದೆ. ಹಾಗಾದರೆ ಪ್ರತಿ ಎಸೆತಕ್ಕೂ ಯಾಕೆ ಹರಿಯುವುದಿಲ್ಲ? ಸುತ್ತಲಿನ ಸ್ನಾಯುಗಳು, ಮೂಳೆಗಳು ಆ ಭಾರದಲ್ಲಿ ಪಾಲು ತೆಗೆದುಕೊಳ್ಳುತ್ತವೆ. ಸ್ನಾಯು ದಣಿದರೆ ಅದರ ಪಾಲೂ ಲಿಗಮೆಂಟ್ ಮೇಲೆ ಬೀಳುತ್ತದೆ. ಈ ಒಂದು ಸಾಲನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು, ಮುಂದಿನದೆಲ್ಲ ಅದರಿಂದಲೇ ಬಿಚ್ಚಿಕೊಳ್ಳುತ್ತದೆ.

ಕ್ರಿಕೆಟ್ ಬೌಲರ್‌ಗಳಲ್ಲಿ ಈ ಗಾಯ ಅಷ್ಟಾಗಿ ಕೇಳಿಬರದಿರಲು ಕಾರಣವೂ ಇಲ್ಲೇ ಇದೆ. ಬೌಲರ್ ಮೊಣಕೈ ಮಡಿಸಿ ಬೀಸುವಂತಿಲ್ಲ. ಹಾಗಾಗಿ ನಮ್ಮ ವೇಗಿಗಳ ತಾಪತ್ರಯವೆಲ್ಲ ಭುಜಕ್ಕೆ, ಬೆನ್ನಿಗೆ, ಮಂಡಿಗೆ. 1997ರಲ್ಲಿ ಜಾವಗಲ್ ಶ್ರೀನಾಥ್ ಅವರನ್ನು ತಿಂಗಳುಗಟ್ಟಲೆ ಆಟದಿಂದ ಹೊರಗಿಟ್ಟದ್ದು ಭುಜ.

ನೂರಕ್ಕೆ ಒಂದು

1974ರಲ್ಲಿ ಈ ಗಾಯವಾದ ಪಿಚರ್‌ಗೆ ದಾರಿಯೇ ಇರಲಿಲ್ಲ. ‘ಕೈ ಸತ್ತುಹೋಯಿತು’ ಎನ್ನುತ್ತಿದ್ದರು, ಆಟಗಾರ ಊರಿಗೆ ಹೋಗಿ ಬೇರೆ ಕೆಲಸ ನೋಡಿಕೊಳ್ಳುತ್ತಿದ್ದ. ಡಾಡ್ಜರ್ಸ್ ತಂಡಕ್ಕೆ ಮೊಣಕೈಯ ಸಂಕಟ ಹೊಸತಲ್ಲ. ಎಂಟು ವರ್ಷ ಹಿಂದೆ, ಇದೇ ತಂಡದ ಎಡಗೈ ಪಿಚರ್ ಸ್ಯಾಂಡಿ ಕೋಫ್ಯಾಕ್ಸ್ 27 ಪಂದ್ಯ ಗೆದ್ದ ಸೀಸನ್ ಮುಗಿಯುತ್ತಿದ್ದಂತೆ, ಮೂವತ್ತನೇ ವಯಸ್ಸಿಗೆ ನಿವೃತ್ತರಾಗಿದ್ದರು. ಅವರದ್ದು ಸಂಧಿವಾತ ಹಿಡಿದ ಮೊಣಕೈ. ಕಾರಣ ಬೇರೆ, ಆದರೆ ಆ ನೆನಪು ಡ್ರೆಸಿಂಗ್ ರೂಮಿನಲ್ಲಿ ಇನ್ನೂ ಹಸಿಯಾಗಿತ್ತು.

ಎಂ.ಆರ್.ಐ. ಆಗ ಇರಲಿಲ್ಲ. ಕೈಯಿಂದ ಒತ್ತಿ, ಎಕ್ಸ್‌ರೇ ತೆಗೆದು ನೋಡಬೇಕು. ಕೆಲವು ವಾರ ವಿಶ್ರಾಂತಿ ಕೊಟ್ಟು ನೋಡಿದರು, ಪ್ರಯೋಜನವಾಗಲಿಲ್ಲ. ತಂಡದ ವೈದ್ಯ ಫ್ರಾಂಕ್ ಜೋಬ್ ಹೊಸದೊಂದು ಯೋಚನೆ ಮುಂದಿಟ್ಟರು. ಪೋಲಿಯೊ ರೋಗಿಗಳಲ್ಲಿ, ಕೈ ಮತ್ತು ಮಣಿಕಟ್ಟಿನ ಗಾಯಗಳಲ್ಲಿ ದೇಹದ ಒಂದು ಕಡೆಯ ಸ್ನಾಯುರಜ್ಜು ತೆಗೆದು ಇನ್ನೊಂದು ಕಡೆ ಹಾಕುವ ಪದ್ಧತಿ ಆಗಲೇ ಇತ್ತು. ಅದನ್ನೇ ಮೊಣಕೈಗೆ ತಂದರೆ? ಬೇಕಾದ ರಜ್ಜು ಮುಂಗೈಯಲ್ಲೇ ಇದೆ. ಹೆಬ್ಬೆರಳನ್ನೂ ಕಿರುಬೆರಳನ್ನೂ ತಾಗಿಸಿ ಮಣಿಕಟ್ಟು ಸ್ವಲ್ಪ ಬಾಗಿಸಿದರೆ ನಡುವೆ ಎದ್ದು ಕಾಣುವ ದಾರದಂಥದ್ದು, ಪಾಲ್ಮಾರಿಸ್ ಲಾಂಗಸ್. ನೂರರಲ್ಲಿ ಸುಮಾರು ಹದಿನಾಲ್ಕು ಜನರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ, ಅವರಿಗೆ ಅದರ ಕೊರತೆ ಗೊತ್ತೂ ಆಗುವುದಿಲ್ಲ. ತೆಗೆದರೆ ನಷ್ಟವಿಲ್ಲದ ರಜ್ಜು.

ಮತ್ತೆ ಪಿಚ್ ಮಾಡುವ ಸಾಧ್ಯತೆ ಎಷ್ಟು ಎಂದು ಕೇಳಿದಾಗ ಜೋಬ್ ಮುಚ್ಚುಮರೆಯಿಲ್ಲದೆ ಹೇಳಿದರು: ನೂರಕ್ಕೆ ಒಂದು. ಆಪರೇಷನ್ ಬೇಡವೆಂದರೆ ದಿನನಿತ್ಯದ ಬದುಕಿಗೆ ತೊಂದರೆಯಿಲ್ಲ, ಪಿಚಿಂಗ್ ಮಾತ್ರ ಮುಗಿದ ಹಾಗೆ. ಜಾನ್ ಒಪ್ಪಿದರು. ರೋಗಿಗೆ ಪೂರ್ತಿ ಗೊತ್ತಿತ್ತು, ವೈದ್ಯರು ಆಸೆ ಹುಟ್ಟಿಸಿರಲಿಲ್ಲ. ಈ ಪ್ರಕರಣದಲ್ಲಿ ನನಗೆ ತುಂಬ ಗೌರವ ಹುಟ್ಟಿಸುವ ಭಾಗ ಇದು.

1974ರ ಸೆಪ್ಟೆಂಬರ್ 25ರಂದು ಬಲ ಮುಂಗೈಯಿಂದ ಆ ರಜ್ಜು ತೆಗೆದರು. ಎಡ ಮೊಣಕೈಯ ಎರಡೂ ಮೂಳೆಗಳಲ್ಲಿ ರಂಧ್ರ ಕೊರೆದು, ಹಗ್ಗದ ಮಂಚಕ್ಕೆ ಹಗ್ಗ ಎಳೆದು ಬಿಗಿದಂತೆ, ಎಂಟರ ಆಕಾರದಲ್ಲಿ ಹೆಣೆದು ಕಟ್ಟಿದರು. ರಜ್ಜು ಸ್ನಾಯುವನ್ನು ಮೂಳೆಗೆ ಕಟ್ಟುವಂಥದ್ದು. ಇಲ್ಲಿ ಅದು ಮೂಳೆಯನ್ನು ಮೂಳೆಗೆ ಕಟ್ಟುವ ಲಿಗಮೆಂಟಿನ ಕೆಲಸ ಕಲಿಯಬೇಕು. ಅದರೊಳಗೆ ಹೊಸ ರಕ್ತನಾಳ ಬೆಳೆದು ಅದು ಗಟ್ಟಿಯಾಗಲು ತಿಂಗಳುಗಳೇ ಬೇಕು.

ಕೈ ಮಡಚಿಕೊಂಡಾಗ

ಕಥೆ ಹೇಳುವವರು ಇಲ್ಲಿಂದ ನೇರ 1976ಕ್ಕೆ ಹಾರುತ್ತಾರೆ. ನಡುವೆ ನಡೆದದ್ದೇ ಮುಖ್ಯ.

ಲಿಗಮೆಂಟ್ ಸರಿಹೋಯಿತು, ಕೈ ಕೆಟ್ಟಿತು. ಮೊಣಕೈಯ ಒಳಬದಿಯಲ್ಲಿ, ತಗುಲಿದರೆ ಕರೆಂಟ್ ಹೊಡೆದಂತಾಗುವ ಜಾಗದಲ್ಲಿ, ಅಲ್ನಾರ್ ನರ ಹಾದುಹೋಗುತ್ತದೆ. ಕಿರುಬೆರಳು, ಉಂಗುರ ಬೆರಳಿನ ಅರ್ಧಕ್ಕೆ ಸ್ಪರ್ಶ ಕೊಡುವುದು ಅದು, ಅಂಗೈಯ ಸಣ್ಣ ಸ್ನಾಯುಗಳನ್ನು ಆಡಿಸುವುದೂ ಹೆಚ್ಚಾಗಿ ಅದೇ. ಆಪರೇಷನ್ ಆದ ಮೇಲೆ ಆ ನರ ಕೆಲಸ ನಿಲ್ಲಿಸಿತು. ಬೆರಳುಗಳು ಹಕ್ಕಿಯ ಉಗುರಿನಂತೆ ಒಳಕ್ಕೆ ಬಾಗಿದವು, ಸ್ಪರ್ಶ ಹೋಯಿತು. ಸಿಂಕರ್ ಎಸೆಯುವವನ ಸರ್ವಸ್ವವೇ ಬೆರಳು. ಡಿಸೆಂಬರ್‌ನಲ್ಲಿ ಜೋಬ್ ಮತ್ತೆ ಕೈ ತೆರೆದು ನರವನ್ನು ಹೊಸ ಹಾದಿಯಲ್ಲಿ ಕೂರಿಸಿದರು. ನೂರಕ್ಕೆ ಒಂದು ಎಂಬ ಲೆಕ್ಕವೂ ಈಗ ದೊಡ್ಡದಾಗಿ ಕಾಣುವ ಸ್ಥಿತಿ.

ಪೆಟ್ಟು ತಿಂದ ನರ ಚಿಗುರುವುದು ದಿನಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಮೊಣಕೈಯಿಂದ ಬೆರಳ ತುದಿವರೆಗೆ ಎತ್ತರದ ಮನುಷ್ಯನಿಗೆ ನಲವತ್ತು ಸೆಂಟಿಮೀಟರ್‌ಗೂ ಮೀರಿದ ದೂರ. ಲೆಕ್ಕ ಹಾಕಿದರೆ ವರ್ಷ ದಾಟುತ್ತದೆ. ಯಾವ ಔಷಧವೂ ಅದನ್ನು ಅವಸರಪಡಿಸುವುದಿಲ್ಲ. 1975ರ ಸೀಸನ್ ಪೂರ್ತಿ ಅವರು ಒಂದೇ ಒಂದು ಪಂದ್ಯ ಆಡಲಿಲ್ಲ. ಚೆಂಡು ಹಿಡಿಯಲೂ ಆಗದ ಕೈಯಲ್ಲಿ ದಿನವೂ ಎಸೆದು ಅಭ್ಯಾಸ ಮಾಡಿದರು, ಮನೆಯಲ್ಲಿ ಪತ್ನಿಯೇ ಎದುರಿಗೆ ನಿಂತು ಚೆಂಡು ಹಿಡಿದರು. ನರ ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಕೇಳೋಣವೆಂದರೆ ಇದಕ್ಕೆ ಮುಂಚೆ ಈ ಆಪರೇಷನ್ ಮಾಡಿಸಿಕೊಂಡವರೇ ಇಲ್ಲ. ಇಂದು ಇದೇ ಆಪರೇಷನ್ ಮಾಡಿಸಿಕೊಳ್ಳುವ ಹುಡುಗನ ಕೈಗೆ ವಾರವಾರದ ಪಟ್ಟಿ ಬರುತ್ತದೆ: ಈ ತಿಂಗಳು ಕೈ ಚಾಚು, ಆ ತಿಂಗಳು ಇಷ್ಟು ಅಡಿ ಎಸೆ. ಜಾನ್ ಅವರ ಬಳಿ ಅಂಥ ಪಟ್ಟಿ ಇರಲಿಲ್ಲ.

ಇನ್ನೊಬ್ಬರ ಪಾಲನ್ನೂ ಹೇಳಬೇಕು. ತಂಡದ ಜೊತೆಗಾರ ಮೈಕ್ ಮಾರ್ಷಲ್ ದೇಹಚಲನೆಯ ವಿಜ್ಞಾನವನ್ನು ಕಾಲೇಜಿನಲ್ಲಿ ಗಂಭೀರವಾಗಿ ಓದುತ್ತಿದ್ದ ಪಿಚರ್. ಜಾನ್ ಗಾಯಗೊಂಡ ಅದೇ 1974ರಲ್ಲಿ ಅವರು 106 ಪಂದ್ಯಗಳಲ್ಲಿ ಎಸೆದು, ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದಿದ್ದರು. ಅವರು ಜಾನ್‌ಗೆ ಎಸೆಯುವ ಶೈಲಿಯನ್ನೇ ಬದಲಾಯಿಸಿ ಕೊಟ್ಟರು: ಕಾಲನ್ನು ತಿರುಚದೆ, ಮೈಯನ್ನು ನೇರವಾಗಿ ಗುರಿಯ ಕಡೆ ಒಯ್ಯುವುದು. ಹೊಸ ಲಿಗಮೆಂಟ್ ಮೇಲೆ ಹಳೆಯ ಭಾರ ಹಾಕದ ಈ ಬದಲಾವಣೆಗೆ ಆಪರೇಷನ್ನಿಗೆ ಸಮನಾದ ಮಹತ್ವವಿದೆ ಎಂದು ನಾನು ನಂಬುತ್ತೇನೆ.

164 ಗೆಲುವು

1976ರ ಏಪ್ರಿಲ್‌ನಲ್ಲಿ ಜಾನ್ ಅಟ್ಲಾಂಟಾ ವಿರುದ್ಧ ಮತ್ತೆ ದಿಬ್ಬ ಏರಿದರು. ಆ ವರ್ಷ 10 ಗೆಲುವು, 10 ಸೋಲು, 207 ಇನ್ನಿಂಗ್ಸ್. ಗೆಲುವಿಗಿಂತ ಆ 207 ದೊಡ್ಡದು. ಸತ್ತುಹೋದ ಕೈ ಅಷ್ಟು ಹೊತ್ತು ಎಸೆದಿತ್ತು. ಮರುವರ್ಷ 20–7. ಅದಕ್ಕೆ ಮುಂಚೆ ಅವರು ಒಂದು ಸೀಸನ್‌ನಲ್ಲಿ 20 ಪಂದ್ಯ ಗೆದ್ದದ್ದೇ ಇಲ್ಲ. ಆ ವರ್ಷ, ಮೇಜರ್ ಲೀಗ್‌ನ ಎರಡು ಪಂಗಡಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನ ನಿರ್ಣಾಯಕ ಪಂದ್ಯದಲ್ಲಿ ಫಿಲಡೆಲ್ಫಿಯಾದ ಮಳೆಯಲ್ಲಿ, ಅಲ್ಲಿನ ತಂಡದ ಪಿಚರ್ ಸ್ಟೀವ್ ಕಾರ್ಲ್‌ಟನ್ ಎದುರು ಪೂರ್ತಿ ಒಂಬತ್ತು ಇನ್ನಿಂಗ್ಸ್ ಎಸೆದು 4–1ರಿಂದ ಗೆಲ್ಲಿಸಿದರು. ನ್ಯೂಯಾರ್ಕ್ ಯಾಂಕೀಸ್‌ಗೆ ಹೋದ ಮೇಲೆ 1979ರಲ್ಲಿ 21, 1980ರಲ್ಲಿ 22 ಗೆಲುವು.

ಮೇಜರ್ ಲೀಗ್‌ನ ಅಂತಿಮ ಹಣಾಹಣಿಯಾದ ವಿಶ್ವ ಸರಣಿ ಮಾತ್ರ ಒಲಿಯಲಿಲ್ಲ. 1977 ಮತ್ತು 1978ರಲ್ಲಿ ಡಾಡ್ಜರ್ಸ್ ಪರ ಆಡಿ ಯಾಂಕೀಸ್‌ಗೆ ಸೋತರು. 1981ರಲ್ಲಿ ಯಾಂಕೀಸ್ ಪರ ಆಡಿ ಡಾಡ್ಜರ್ಸ್‌ಗೆ ಸೋತರು. ಆ ಸರಣಿಯ ಆರನೇ ಪಂದ್ಯದಲ್ಲಿ ಅಂಕ 1–1 ಇದ್ದಾಗ, ನಾಲ್ಕನೇ ಇನ್ನಿಂಗ್ಸ್‌ನಲ್ಲೇ ಮ್ಯಾನೇಜರ್ ಬಾಬ್ ಲೆಮನ್ ಅವರನ್ನು ತೆಗೆದು ಬದಲಿ ಬ್ಯಾಟರ್‌ನನ್ನು ಇಳಿಸಿದರು. ಯಾಂಕೀಸ್ 9–2ರಿಂದ ಸೋತು ಸರಣಿ ಕಳೆದುಕೊಂಡಿತು. ಬಳಿಕ ಕ್ಯಾಲಿಫೋರ್ನಿಯಾ ಏಂಜಲ್ಸ್, ಓಕ್‌ಲ್ಯಾಂಡ್, ಮತ್ತೆ ಯಾಂಕೀಸ್. 1989ರಲ್ಲಿ ಯಾಂಕೀಸ್ ಪರ ಸೀಸನ್ನಿನ ಮೊದಲ ಪಂದ್ಯ ಆರಂಭಿಸಿ ಗೆದ್ದಾಗ ಅವರಿಗೆ 45 ವಯಸ್ಸು. ಕೊನೆಯ ಪಂದ್ಯ ಅದೇ ವರ್ಷದ ಮೇ ತಿಂಗಳಲ್ಲಿ, 46 ತುಂಬಿದ ಕೆಲವೇ ದಿನಕ್ಕೆ.

ಒಟ್ಟು 288 ಗೆಲುವಿನಲ್ಲಿ ಆಪರೇಷನ್‌ಗೆ ಮುಂಚೆ 124, ಆಮೇಲೆ 164. ಇದನ್ನೇ ನೋಡಿ ಆಪರೇಷನ್ ಕೈಗೆ ಹೊಸ ಶಕ್ತಿ ಕೊಟ್ಟಿತು ಎನ್ನುವವರಿದ್ದಾರೆ. ಕೊಟ್ಟದ್ದು ಶಕ್ತಿಯಲ್ಲ, ಸಮಯ. ವೇಗವನ್ನೇ ನಂಬಿದ ಪಿಚರ್ 35ಕ್ಕೆ ಬಳಲುತ್ತಾನೆ. ಸಿಂಕರ್ ನಂಬಿದವನಿಗೆ ವೇಗ ತಗ್ಗಿದರೂ ನಡೆಯುತ್ತದೆ, ವಯಸ್ಸಾದಂತೆ ಬ್ಯಾಟರ್‌ನ ಮನಸ್ಸು ಓದುವುದೂ ಕರಗತವಾಗುತ್ತದೆ.

ಬೇಸ್‌ಬಾಲ್ ದಿಗ್ಗಜರನ್ನು ಗೌರವಿಸುವ ಸಂಸ್ಥೆಯಾದ ಹಾಲ್ ಆಫ್ ಫೇಮ್ ಮಾತ್ರ ಅವರಿಗೆ ಬಾಗಿಲು ತೆರೆದಿಲ್ಲ. ಪತ್ರಕರ್ತರ ಮತದಾನದಲ್ಲಿ ಹದಿನೈದು ವರ್ಷ ಹೆಸರಿತ್ತು. ಕೊನೆಯ ಬಾರಿ, 2009ರಲ್ಲಿ, ಸಿಕ್ಕಿದ್ದು ಶೇ 31.7, ಬೇಕಿದ್ದದ್ದು ಶೇ 75. 2013ರಲ್ಲಿ ಅದೇ ಸಂಸ್ಥೆ ಜೋಬ್ ಅವರನ್ನು ಕರೆದು ಗೌರವಿಸಿತು. 2024ರ ಡಿಸೆಂಬರ್‌ನಲ್ಲಿ ಹಿರಿಯರ ಸಮಿತಿಯ 16 ಮತಗಳಲ್ಲಿ ಜಾನ್‌ಗೆ ಬಂದದ್ದು 7. ಅದೇ ಸಭೆ 13 ಮತ ಕೊಟ್ಟು ಆರಿಸಿದವರಲ್ಲಿ ಒಬ್ಬರು ಡಿಕ್ ಆಲನ್, 1971ರಲ್ಲಿ ಜಾನ್‌ಗೆ ಬದಲಾಗಿ ಷಿಕಾಗೊಗೆ ಹೋದವರು, ಆ ಹೊತ್ತಿಗೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಪಿಚರ್‌ಗಳಿಗೆ 300 ಗೆಲುವು ಎಂಬುದು ಅಲ್ಲಿನ ಒಪ್ಪಿತ ಹೊಸ್ತಿಲು. ಜಾನ್‌ಗೆ 12 ಕಡಿಮೆ, ಕಳೆದದ್ದು ಒಂದೂವರೆ ಸೀಸನ್. ಇದನ್ನು ನಾನು ಅನ್ಯಾಯ ಎಂದೇ ಕರೆಯುತ್ತೇನೆ.

ಒಂದು ಪ್ರಕರಣ, ಆಮೇಲೆ ಸಾವಿರ

ಇಂಥ ಯಶಸ್ಸಾದ ಮೇಲೆ ಬೇರೆಯವರಾಗಿದ್ದರೆ ಮರುತಿಂಗಳೇ ರೋಗಿಗಳನ್ನು ಸಾಲಾಗಿ ನಿಲ್ಲಿಸಿಕೊಳ್ಳುತ್ತಿದ್ದರು. ಜೋಬ್ ಹಾಗೆ ಮಾಡಲಿಲ್ಲ. ಎರಡನೇ ಆಪರೇಷನ್ ಮಾಡಿದ್ದು 1978ರಲ್ಲಿ, ಪಿಚರ್ ಬ್ರೆಂಟ್ ಸ್ಟ್ರಾಮ್ ಅವರಿಗೆ. ಸ್ಟ್ರಾಮ್ ಮತ್ತೆ ಮೇಜರ್ ಲೀಗ್‌ನಲ್ಲಿ ಪಿಚ್ ಮಾಡಲಿಲ್ಲ. ಮುಂದೆ ಹೆಸರಾಂತ ಪಿಚಿಂಗ್ ಕೋಚ್ ಆದರು. 1986ರಲ್ಲಿ ಜೋಬ್ ಮತ್ತು ಸಹೋದ್ಯೋಗಿಗಳು ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದಾಗ ಇದ್ದದ್ದು 16 ಆಟಗಾರರು, ಹಿಂದಿನ ಮಟ್ಟಕ್ಕೆ ಮರಳಿದವರು 10. ನರದ ತೊಂದರೆಗಳನ್ನೂ ಅವರು ಮುಚ್ಚಿಡಲಿಲ್ಲ. ಮುಂದೆ ಸ್ನಾಯುವನ್ನು ಕತ್ತರಿಸಿ ಮಗುಚುವ ಬದಲು ಎಳೆಗಳ ನಡುವೆ ಬಿಡಿಸಿ ಒಳಹೋಗುವ, ನರವನ್ನು ಅದರ ಜಾಗದಲ್ಲೇ ಬಿಡುವ ವಿಧಾನ ಬಂತು. ಜಾನ್ ಅವರ ಬಾಗಿದ ಬೆರಳುಗಳಲ್ಲಿ ಕಂಡ ತೊಂದರೆಗೆ ಸಿಕ್ಕ ಉತ್ತರ ಅದು.

2012ರ ಸುಮಾರಿಗೆ ಮೇಜರ್ ಲೀಗ್ ಪಿಚರ್‌ಗಳಲ್ಲಿ ನಾಲ್ಕಕ್ಕೊಬ್ಬರು ಈ ಆಪರೇಷನ್ ಮಾಡಿಸಿಕೊಂಡವರಾಗಿದ್ದರು. ಅದು ವೃತ್ತಿಪರರ ಮಾತು. ಎದೆ ಝಲ್ಲೆನಿಸುವ ಅಂಕಿ ಬೇರೆ: 2007ರಿಂದ 2011ರವರೆಗಿನ ಅಮೆರಿಕದ ವಿಮಾ ದಾಖಲೆಗಳ ಅಧ್ಯಯನವೊಂದರಲ್ಲಿ, ಈ ಆಪರೇಷನ್ ಆದವರಲ್ಲಿ ಶೇ 56.7ರಷ್ಟು 15ರಿಂದ 19 ವಯಸ್ಸಿನವರು. 2012ರ ಸಮೀಕ್ಷೆಯೊಂದರಲ್ಲಿ ಹೈಸ್ಕೂಲ್ ಆಟಗಾರರ ಪೈಕಿ ಶೇ 51 ಜನ, ಗಾಯವೇ ಇಲ್ಲದಿದ್ದರೂ ಆಟ ಸುಧಾರಿಸಲು ಈ ಆಪರೇಷನ್ ಮಾಡಿಸಬಹುದು ಎಂದಿದ್ದರು. ಟಾಮಿ ಜಾನ್ ಪ್ರಕರಣವನ್ನು ತಪ್ಪಾಗಿ ಓದಿದರೆ ಹೀಗಾಗುತ್ತದೆ. ಹುಡುಗರಿಗೆ ಕಂಡದ್ದು 164, ಕಾಣದ್ದು 1975. ತಮ್ಮ ಹೆಸರು ಮಕ್ಕಳ ಮೊಣಕೈಗೆ ಅಂಟಿಕೊಂಡಿರುವುದಕ್ಕೆ ಸ್ವತಃ ಜಾನ್ ಬಹಿರಂಗವಾಗಿ ಬೇಸರಪಟ್ಟಿದ್ದಾರೆ.

ಅಮೆರಿಕದಲ್ಲಿ ಮಕ್ಕಳನ್ನು ಬೇಸ್‌ಬಾಲ್‌ಗೆ ಕಳಿಸುವ ಕನ್ನಡದ ಅಪ್ಪ-ಅಮ್ಮಂದಿರಿಗೆ ಈ ಪ್ರಕರಣ ನೇರವಾಗಿ ಸಂಬಂಧಿಸಿದ್ದು. ಅಲಬಾಮಾದ ಕ್ರೀಡಾ ವೈದ್ಯ ಸಂಸ್ಥೆಯ ಸಂಶೋಧಕರು ಯುವ ಪಿಚರ್‌ಗಳನ್ನು ಹತ್ತು ವರ್ಷ ಹಿಂಬಾಲಿಸಿ ನೋಡಿದಾಗ, ವರ್ಷಕ್ಕೆ 100 ಇನ್ನಿಂಗ್ಸ್ ದಾಟಿದವರಿಗೆ ಗಂಭೀರ ಗಾಯದ ಸಾಧ್ಯತೆ ಮೂರೂವರೆ ಪಟ್ಟು ಹೆಚ್ಚಿತ್ತು. ಅದೇ ಗುಂಪಿನ ಇನ್ನೊಂದು ಅಧ್ಯಯನದ ಪ್ರಕಾರ, ಕೈ ದಣಿದರೂ ಮತ್ತೆ ಮತ್ತೆ ಎಸೆಯುವವರಿಗೆ ಆಪರೇಷನ್ ಅಗತ್ಯ ಬೀಳುವ ಸಂಭವ 36 ಪಟ್ಟು. ದಣಿದ ಸ್ನಾಯುವಿನ ಪಾಲು ಲಿಗಮೆಂಟ್ ಮೇಲೆ ಬೀಳುತ್ತದೆ ಎಂದೆನಲ್ಲ, ಅದರ ಬೆಲೆ ಇದು. 2014ರಲ್ಲಿ ಮೇಜರ್ ಲೀಗ್ ಮತ್ತು ಯು.ಎಸ್.ಎ. ಬೇಸ್‌ಬಾಲ್ ಸೇರಿ ಹೊರಡಿಸಿದ ಪಿಚ್ ಸ್ಮಾರ್ಟ್ ನಿಯಮದಂತೆ 11–12 ವಯಸ್ಸಿನವರು ದಿನಕ್ಕೆ 85 ಎಸೆತ, 13ರಿಂದ 16ರವರು 95 ಎಸೆತ ಮೀರಬಾರದು, ಎಸೆದ ಸಂಖ್ಯೆಗೆ ತಕ್ಕಂತೆ ನಡುವೆ ಬಿಡುವಿನ ದಿನಗಳಿರಬೇಕು. ಎಡವಟ್ಟಾಗುವುದು ಬೇರೆ ಕಡೆ: ಶಾಲೆಯ ತಂಡ ತನ್ನ ಎಸೆತ ಎಣಿಸುತ್ತದೆ, ವಾರಾಂತ್ಯದಲ್ಲಿ ಊರೂರಿಗೆ ಹೋಗಿ ಆಡುವ ಟ್ರಾವೆಲ್ ತಂಡ ತನ್ನದನ್ನು ಎಣಿಸುತ್ತದೆ, ಖಾಸಗಿ ಕೋಚ್ ಬಳಿಯ ಎಸೆತ ಯಾರ ಲೆಕ್ಕಕ್ಕೂ ಬರುವುದಿಲ್ಲ. ಮೂರನ್ನೂ ಕೂಡಿಸಿ ಬರೆದಿಡುವ ಕೆಲಸ ಯಾವ ಲೀಗ್‌ನದ್ದೂ ಅಲ್ಲ, ಆ ಪುಸ್ತಕ ಮನೆಯಲ್ಲೇ ಇರಬೇಕು.